ಒಂದಕ್ಷರ ಹೆಚ್ಚು

ಮಗ್ಗದ ಮಂದಿ ನಾವು, ಬನಹಟ್ಟಿಯವರು.
ಲಾಳಿ ಬಡದು ಬಡದು ಅರ್ಧ ಕಿವಿ ಹೋಗ್ಯಾವ.
ಹಂಗಾಗಿ ನಾವು ಮಾತಾಡಿದರ
ಮಂದಿಗೆ ಜಗಳ ಅನಸತೈತಿ,
ಹಾಡಿದರ ದನ ಕಣ್ಣಿ ಹರಿತಾವ.

ಸೀರಿ ಗಂಟು ಒಯ್ಯೂ ಟೆಂಪೊ, ಇನ್ನೂ ಗಂಜಿ ವಾಸನಿ.
ಇಪ್ಪತ್ತೆಂಟು ಮಂದಿ, ಒಂದು ಹಲಗಿ, ಎರಡು ಜೋಡಿ ತಾಳ,
ಬುತ್ತಿಯೊಳಗ ಸಜ್ಜಿ ರೊಟ್ಟಿ, ಕೆಂಪ ಚಟ್ನಿ.
ಬೆಳಗಾವಿ ಕ್ಯಾಂಪಿನ ಹುಡುಗರ ಕೂಡ ಫೈನಲ್.
ಹನ್ನೊಂದು ಮಂದಿ ಆಡಾಕ ಹೋದರು,
ಉಳಿದವರು ಹಾಡಾಕ.

ಎಂಬತ್ತೊಂಬತ್ತನೇ ಮಿನಿಟು. ಒಂದಕ್ಕೊಂದು.
ದಸ್ತಗೀರ ಬಲಕ್ಕ ಹೊಳ್ಳಿ ಎಡಗಾಲಿಲೆ ಹೊಡದ.
ಜಾಳಿಗಿ ಬಸರಿ ಹೊಟ್ಟಿಯಂಗ ಉಬ್ಬಿದ್ದು
ಈ ಎರಡು ಕಣ್ಣಿಲೆ ಕಂಡೇನಿ.
ಕುಣಕೋತ ಹೊಳ್ಳಿ ನೋಡಿದರ
ರೆಫರಿ ನಿಂತಾನ, ಕೈ ನೆಟ್ಟಗ ಮ್ಯಾಲ,
ಆಫ್‌ಸೈಡ್ ಅಂತ.

ಪೆನಾಲ್ಟಿಯೊಳಗ ಸೋತ್ವಿ. ಸೋಲು ಹೊಸಾದಲ್ಲ, ಬಿಡ್ರಿ.
ಆದರ ಜಾಳಿಗಿ ಉಬ್ಬಿದ ಗೋಲು?
ಮುಂಜಾನೆ ಮೈಕಿನ್ಯಾಗ ಆತನ ಹೆಸರು ಕೂಗಿದ್ದರು,
ಹುದ್ದಾರ ಅಂತ ಕೇಳಿತ್ತು ನಮಗ.
ಸುಳೇಬಾವಿ ದಾಟೂದರಾಗ ನಾ ಏಳು ನುಡಿ ಕಟ್ಟಿದೆ:

ಹುದ್ದಾರ ಹುದ್ದಾರ, ಕಣ್ಣಾಗೇನ ಸುಣ್ಣ?
ಗೋಲ ನುಂಗಿ ನೀರ ಕುಡದಿ, ಅರಗೀತೇನಣ್ಣ?

ಕಾಡಪ್ಪನ ಹಲಗಿ, ತಗಡಿನ ಮೈಗೆ ಮುಷ್ಟಿ,
ಸೋತ ಹುಡುಗರೂ ನಗಾಕ ಹತ್ತಿದರು.

ಅಂಕಲಗಿ ಹತ್ತಿರ ಕೊನೀ ಬಸ್ಸು ಕೆಟ್ಟು ನಿಂತಿತ್ತು.
ದಾರಿ ಬದಿಗೆ ಒಬ್ಬನ ಒಬ್ಬ, ಬಗಲಾಗ ಚೀಲ,
ನಮ್ಮ ದೀಪಕ್ಕ ಕೈ ಎತ್ತಿದ.
ನೆಟ್ಟಗ. ಅಂಗೈ ಬಿಚ್ಚಿ.
ಹಲಗಿ ನಿಂತಿತು.
ಮುಖ ಯಾರಿಗೂ ನೆನಪಿರಲಿಲ್ಲ,
ಆ ಕೈ ಎಲ್ಲರಿಗೂ ನೆನಪಿತ್ತು.

ಸ್ಟೆಪ್ನಿ ಮ್ಯಾಲ ಕುಂತ. ಯಾರೂ ಉಸರಲಿಲ್ಲ.
ನಮ್ಮಂಥವರಿಗೆ ಸುಮ್ಮಕಿರೂದು ಭಾಳ ತ್ರಾಸು,
ಸುಮ್ಮಕಾದರ ಕಿವಿಯೊಳಗ ಮಗ್ಗ ಸುರು ಆಗತೈತಿ.
ಆತನ ಅಂದ: "ಯಾಕ ನಿಂತ್ರಿ? ಹಾಡ್ರಿ.
ಮೊದಲ ನುಡಿ ದೂರಿಂದ ಕೇಳಿತ್ತು."

ಕಾಡಪ್ಪ ಹಟಮಾರಿ. ಎತ್ತಿದ. ಹಾಡಿದ್ವಿ.
ಐದನೇದು ಬಿಟ್ವಿ, ಅದರಾಗ ಅವರವ್ವ ಇದ್ದಳು.

"ಹಾಡು ಛಲೋ ಐತಿ," ಅಂದ.
"ನಾ ಹುದ್ದಾರ ಅಲ್ಲ ಖರೆ, ಹುಣಶ್ಯಾಳ.
ಗೋಕಾಕ ಫಾಲ್ಸಿನ ಮಿಲ್ಲಿನ್ಯಾಗ ಟೈಂಕೀಪರ,
ಇಪ್ಪತ್ತೆರಡು ವರ್ಷ. ಈ ಬಲಗಿವಿ ನಿಮ್ಮಂಗ."

ದಸ್ತಗೀರ ಮೂಲ್ಯಾಗಿಂದ ಕೇಳಿದ,
ಹರಕ ಬೂಟು ತೊಡಿಮ್ಯಾಲ ಇಟಗೊಂಡು:
"ಸರ, ನಾ ಮುಂದ ಇದ್ನ್ಯಾ?"
"ಒಂದ ಹೆಜ್ಜಿ.
ನೀ ಹೊಡಿಯೂಕಿಂತ ಮೊದಲ ಸೀಟಿ ಊದಿದ್ದೆ.
ಇವರ ಹಾಡಿನ್ಯಾಗ ನಿನಗ ಕೇಳಲಿಲ್ಲ."

ನಂಬಲಿಲ್ಲ ನಾವು. ಈಗೂ ನಂಬಂಗಿಲ್ಲ.
ಆದರ ರೊಟ್ಟಿ ಕೊಟ್ವಿ,
ಆತ ಚಟ್ನಿ ಖಾರಕ್ಕ ಸೀ ಅಂತ ಎರಡು ತಿಂದ.
ಫಾಲ್ಸಿನ ಹತ್ತಿರ ಇಳದು ಇಪ್ಪತ್ತು ರೂಪಾಯಿ ಚಾಚಿದ.
ಶ್ರೀಶೈಲ ಇಸಗೊಂಡ.
ಗೋಲಿನ ಲೆಕ್ಕ ಬ್ಯಾರೆ, ಡೀಸೆಲ್ಲಿನ ಲೆಕ್ಕ ಬ್ಯಾರೆ.
ಕತ್ತಲಾಗ ನೀರು ಬೀಳೂ ಸಪ್ಪಳ,
ಅದರೊಳಗ ಆತ ಏನೋ ಅಂದ,
ನಮಗ ತಿಳಿಲಿಲ್ಲ.

ಇವತ್ತು ಸೋಮವಾರ.
ಹುಣಶ್ಯಾಳ ಹುಣಶ್ಯಾಳ ಅಂತ ಕೂಡಿಸಿ ನೋಡತೇನಿ.
ಒಂದಕ್ಷರ ಹೆಚ್ಚಾಗತೈತಿ, ಹಲಗಿ ಎಡವತೈತಿ.
ಹಳೇ ಹೆಸರ ಇರಲಿ ಅಂತಾನ ಕಾಡಪ್ಪ,
ಯಾರಿಗೆ ಗೊತ್ತಾಗತೈತಿ?
ಇಲ್ಲೋ ಮಾರಾಯ,
ಬೈಯೂದಿದ್ದರ ಬೈಸಿಕೊಳ್ಳಾವನ ಹೆಸರು ಹಿಡದು ಬೈಬೇಕು.
ಹುದ್ದಾರ ಯಾವನೋ ಏನೋ, ಪಾಪ,
ಎಲ್ಲೋ ಮಲಗ್ಯಾನ.

ಬೆರಳ ಮ್ಯಾಲ ಎಣಿಸಾಕ ಹತ್ತೇನಿ.
ಎಳಿ ಹರದೈತಿ ಅಂತ ಕಾಣತೈತಿ,
ಆ ಕಡಿಂದ ಮಾಲಕ ಬಾಯಿ ತಗದಾನ, ಕೈ ಎತ್ಯಾನ.
ಏನಂತಾನೋ.